ವೆರ್ನರ್ ಹಾರ್ಟೆನ್‌ಸ್ಟೈನ್ ಮತ್ತು ಲಕೋನಿಯಾ ಪ್ರಕರಣ: ಒಂದು ಪರಾಮರ್ಶೆ

ಎರಡನೆಯ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿ ನಾಯಕರ ಯೋಗ್ಯತೆಯನ್ನು ಅವರು ಮುಳುಗಿಸಿದ ಹಡಗುಗಳ ಟನ್ನುಗಳಿಂದ ಅಳೆಯುವುದು ಆ ಕಾಲದ ಪದ್ಧತಿಯಾಗಿತ್ತು. ಆ ಲೆಕ್ಕವೊಂದನ್ನೇ ಹಿಡಿದರೆ, 2,00,000 ಟನ್ನುಗಳನ್ನು ಮೀರಿದ ಓಟ್ಟೊ ಕ್ರೆಚ್‌ಮರನ ಮುಂದೆ, ಸುಮಾರು 97,000 ಟನ್ನುಗಳನ್ನು ಸಮುದ್ರದ ಪಾಲು ಮಾಡಿದ ವೆರ್ನರ್ ಹಾರ್ಟೆನ್‌ಸ್ಟೈನನಿಗೆ ಮಧ್ಯಮ ಸ್ಥಾನವಷ್ಟೇ ದೊರೆತೀತು. ಆದರೆ ಸಮುದ್ರಯುದ್ಧದ ಧರ್ಮಾಧರ್ಮ ವಿಚಾರದಲ್ಲಿ ಆತನ ಹೆಸರನ್ನು ಬಿಟ್ಟು ಮುಂದೆ ಸಾಗುವಂತಿಲ್ಲ.

1908ರಲ್ಲಿ ಸ್ಯಾಕ್ಸನಿಯ ಪ್ಲೌಯೆನ್ ಪಟ್ಟಣದಲ್ಲಿ ಜನಿಸಿ, 1928ರಲ್ಲಿ ನೌಕಾದಳವನ್ನು ಸೇರಿ, ಟಾರ್ಪೀಡೊ ದೋಣಿಗಳಲ್ಲಿ ಪಳಗಿದ ಈತನು 1941ರ ಸೆಪ್ಟೆಂಬರಿನಲ್ಲಿ ಯು-156 ಎಂಬ ಜಲಾಂತರ್ಗಾಮಿಯ ಆಧಿಪತ್ಯವನ್ನು ವಹಿಸಿಕೊಂಡನು. 1942ರ ಫೆಬ್ರವರಿ 16ರಂದು ಕೆರಿಬಿಯನ್ ಸಮುದ್ರದ ಅರೂಬಾ ದ್ವೀಪದ ಬಳಿ ತೈಲವಾಹಕ ನೌಕೆಗಳ ಮೇಲೆ ಟಾರ್ಪೀಡೊ ಪ್ರಯೋಗಿಸಿ, ಅಲ್ಲಿನ ತೈಲಶುದ್ಧೀಕರಣಾಗಾರವನ್ನೂ ಫಿರಂಗಿಯಿಂದ ಧ್ವಂಸಮಾಡಲೆಳಸಿದಾಗ, ನಳಿಗೆಯ ಬಾಯಿಯ ಮುಚ್ಚಳವನ್ನು ತೆಗೆಯಲು ಮರೆತ ಕಾರಣ ಫಿರಂಗಿಯೇ ಸಿಡಿದು ಒಬ್ಬ ನಾವಿಕನು ಸತ್ತನು, ಒಬ್ಬ ಅಧಿಕಾರಿಯು ಕಾಲನ್ನು ಕಳೆದುಕೊಂಡನು.

ಅದೇ ವರ್ಷದ ಸೆಪ್ಟೆಂಬರ್ 12ರ ರಾತ್ರಿ, ಪಶ್ಚಿಮ ಆಫ್ರಿಕದ ಆಚೆಯ ಅಟ್ಲಾಂಟಿಕ್ ಸಾಗರದಲ್ಲಿ, ಆತನು ಬ್ರಿಟನ್ನಿನ ಲಕೋನಿಯಾ ಹಡಗನ್ನು ಮುಳುಗಿಸಿದನು. ಸಶಸ್ತ್ರವಾಗಿದ್ದ ಆ ಹಡಗು ಯುದ್ಧನಿಯಮದಂತೆ ಆಕ್ರಮಣಕ್ಕೆ ಅರ್ಹವೇ ಆಗಿತ್ತು. ಆದರೆ ಅದರಲ್ಲಿದ್ದ ಸುಮಾರು 2,700 ಜನರಲ್ಲಿ 1,800ರಷ್ಟು ಮಂದಿ, ಜರ್ಮನಿಯ ಮಿತ್ರರಾಷ್ಟ್ರವಾದ ಇಟಲಿಯ ಯುದ್ಧಕೈದಿಗಳು. ನೀರಿನಲ್ಲಿ ಇಟಾಲಿಯನ್ ಭಾಷೆಯ ಆರ್ತನಾದವನ್ನು ಕೇಳಿದ ಹಾರ್ಟೆನ್‌ಸ್ಟೈನನು ರಕ್ಷಣಕಾರ್ಯಕ್ಕೆ ತೊಡಗಿದನು.

ಮಿತ್ರರಾಷ್ಟ್ರದ ಸೈನಿಕರೆಂದು ತಿಳಿದುದರಿಂದಲೇ ಆತನು ಕೈನೀಡಿದನೆಂಬ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಆದರೂ ಮುಂದಿನ ನಡವಳಿಕೆಯು ಆ ವಿವರಣೆಯೊಳಗೆ ಅಡಗುವುದಿಲ್ಲ. ಬ್ರಿಟಿಷ್ ಸ್ತ್ರೀಯರನ್ನೂ ತನ್ನ ನೌಕೆಗೆ ಹತ್ತಿಸಿಕೊಂಡು, ಜೀವರಕ್ಷಕ ದೋಣಿಗಳನ್ನು ಹಗ್ಗದಿಂದ ಎಳೆಯುತ್ತ, ಸೆಪ್ಟೆಂಬರ್ 13ರಂದು ತಾನಿದ್ದ ಸ್ಥಾನವನ್ನು ಸಂಕೇತಲಿಪಿಯಿಲ್ಲದ ಇಂಗ್ಲಿಷಿನಲ್ಲಿ ಬಾನುಲಿಯ ಮೂಲಕ ಸಾರಿ, ತನ್ನ ಮೇಲೆ ಆಕ್ರಮಣ ನಡೆಯದಿದ್ದರೆ ನೆರವಿಗೆ ಬರುವ ಯಾವ ಹಡಗನ್ನೂ ತಾನು ಮುಟ್ಟೆನೆಂದು ಆತನು ವಚನವಿತ್ತನು. ಅಡಗಿರುವುದೇ ಪ್ರಾಣರಕ್ಷೆಯಾದ ಜಲಾಂತರ್ಗಾಮಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. 16ರಂದು, ರೆಡ್ ಕ್ರಾಸ್ ಧ್ವಜವನ್ನು ಹರಡಿದ್ದಾಗಲೂ, ಅಸೆನ್ಷನ್ ದ್ವೀಪದಿಂದ ಬಂದ ಅಮೆರಿಕದ ಲಿಬರೇಟರ್ ವಿಮಾನವು ಬಾಂಬುಗಳನ್ನೆಸೆಯಿತು, ದೋಣಿಯೊಂದು ಒಡೆಯಿತು, ಗಾಸಿಗೊಂಡ ಯು-156 ಆಶ್ರಿತರನ್ನು ಇಳಿಸಿ ಮುಳುಗಿ ಮರೆಯಾಯಿತು. ರಕ್ಷಣೆಗೆ ಬಂದ ಇತರ ಜಲಾಂತರ್ಗಾಮಿಗಳ ಮತ್ತು ಫ್ರೆಂಚ್ ಹಡಗುಗಳ ನೆರವಿನಿಂದ ಸುಮಾರು 1,100 ಮಂದಿ ಬದುಕಿದರು. ಸತ್ತವರಲ್ಲಿ ಬಹುಪಾಲು ಇಟಲಿಯ ಕೈದಿಗಳೇ.

ಬಾಂಬುದಾಳಿಯ ಮರುದಿನ ಜರ್ಮನ್ ಜಲಾಂತರ್ಗಾಮಿ ದಳದ ಅಧಿಪತಿ ಕಾರ್ಲ್ ಡೋನಿಟ್ಸನು, ಮುಳುಗಿದ ಹಡಗಿನವರನ್ನು ಕಾಪಾಡುವ ಯತ್ನಗಳನ್ನೇ ನಿಷೇಧಿಸಿದನು. ಲಕೋನಿಯಾ ಆಜ್ಞೆಯೆಂದು ಖ್ಯಾತವಾದ ಇದನ್ನು ಯುದ್ಧಾನಂತರ ನ್ಯೂರೆಂಬರ್ಗಿನ ಯುದ್ಧಾಪರಾಧ ವಿಚಾರಣೆಯಲ್ಲಿ ಅಭಿಯೋಜಕರು ಆತನ ವಿರುದ್ಧ ಎತ್ತಿ ಹಿಡಿದರು. ನ್ಯಾಯಮಂಡಳಿಯು ಆಜ್ಞೆಯ ಸಂದಿಗ್ಧತೆಯನ್ನು ತೀವ್ರವಾಗಿ ಖಂಡಿಸಿದರೂ, ಪೆಸಿಫಿಕ್ಕಿನಲ್ಲಿ ಅಮೆರಿಕವೂ ಅನಿರ್ಬಂಧಿತ ಜಲಾಂತರ್ಗಾಮಿ ಯುದ್ಧವನ್ನೇ ನಡೆಸಿತೆಂಬ ಅಮೆರಿಕದ ಅಡ್ಮಿರಲ್ ನಿಮಿಟ್ಸನ ಹೇಳಿಕೆಯನ್ನೂ ಪರಿಗಣಿಸಿ, ಜಲಾಂತರ್ಗಾಮಿ ಯುದ್ಧನಿಯಮಗಳ ಉಲ್ಲಂಘನೆಯ ಆಧಾರದ ಮೇಲೆ ಶಿಕ್ಷೆಯನ್ನು ನಿರ್ಣಯಿಸಲಿಲ್ಲ.

ಹಾರ್ಟೆನ್‌ಸ್ಟೈನನು ಆ ವಿಚಾರಣೆಯನ್ನು ಕಾಣಲಿಲ್ಲ. 1943ರ ಮಾರ್ಚ್ 8ರಂದು ಬಾರ್ಬಡೋಸಿನ ಪೂರ್ವಕ್ಕೆ ಅಮೆರಿಕದ ಕ್ಯಾಟಲೀನ ವಿಮಾನದ ದಾಳಿಯಿಂದ ಯು-156 ತನ್ನ ಜನರೆಲ್ಲರೊಂದಿಗೆ ಮುಳುಗಿತು. ಆತನನ್ನು ಸಂತನೆನ್ನಲಾಗದು, ಲಕೋನಿಯಾದ ಸಾವುಗಳು ಆತನ ಟಾರ್ಪೀಡೊವಿನಿಂದಲೇ ಮೊದಲಾದುವು. ಆದರೆ ಗೆದ್ದವರ ಬಾಂಬು ಮತ್ತು ಸೋತವರ ಆಜ್ಞೆ ಎರಡೂ ಕರುಣೆಯನ್ನು ಅಸಾಧ್ಯವೆಂದು ಸಾರಿದ ಆ ಪ್ರಸಂಗದಲ್ಲಿ, ನಾಲ್ಕು ದಿನಗಳ ಕಾಲ ಅದು ಸಾಧ್ಯವೆಂದು ಆಚರಿಸಿ ತೋರಿದವನು ಆತನೇ ಎಂಬುದನ್ನು ಇತಿಹಾಸಕಾರನು ಒಪ್ಪಲೇಬೇಕು.