ದವಡೆಯಿಂದ ಕಿವಿಗೆ ಬಂದ ಮೂಳೆಗಳು

2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣವಿತ್ತು. ಮಂಗಳೂರು, ಕಾಸರಗೋಡಿನ ಕಡೆ ಕಂಕಣ ಗ್ರಹಣ, ನಮ್ಮ ಗುಜರಾತಿನಲ್ಲಿ ಪಾರ್ಶ್ವ ಗ್ರಹಣ. ಸೂರತ್‌ನಲ್ಲಿರುವ ನನ್ನ ತಂಗಿ ಆಗ ಐದು ತಿಂಗಳ ಬಸುರಿ. ಗಂಡನ ಟಿಫಿನ್ ಡಬ್ಬಿಗೆಂದು ಅವತ್ತು ಬೆಳಿಗ್ಗೆ ಬದನೆಕಾಯಿ ಹೆಚ್ಚಿದಳು. ಅಷ್ಟೇ.

ಮುಂದಿನ ಮೇ ತಿಂಗಳಲ್ಲಿ, ಲಾಕ್‌ಡೌನಿನ ನಡುವೆ, ತವರಿಗೂ ಬರಲಾಗದೆ ಸೂರತ್‌ನಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ಎಡಗಿವಿ ಚೆನ್ನಾಗಿತ್ತು. ಬಲಗಿವಿಯ ಜಾಗದಲ್ಲಿ ಕಡಲೆಕಾಳಿನಷ್ಟು ಚರ್ಮದ ಗಂಟು, ರಂಧ್ರವಿಲ್ಲ. ಬಲಗಡೆಯ ದವಡೆಯೂ ಸಣ್ಣದು, ಹಾಗಾಗಿ ಗಲ್ಲ ಆ ಕಡೆಗೆ ವಾಲಿತ್ತು. ಧಾರವಾಡದಿಂದ ಅವಳ ಅತ್ತೆ ವಿಡಿಯೋ ಕಾಲಿನಲ್ಲಿ ಮಗುವನ್ನು ನೋಡಿ, "ಗ್ರಹಣದ ದಿನ ಇಳಿಗಿ ಮುಟ್ಟಬ್ಯಾಡ ಅಂತ ಬಡಕೊಂಡೆ, ಕೇಳಲಿಲ್ಲ" ಅಂದರು. ತಂಗಿ ಮರುಮಾತಾಡಲಿಲ್ಲ. ಎಷ್ಟೋ ತಿಂಗಳು ಆ ವಿಷಯವನ್ನೇ ಎತ್ತಲಿಲ್ಲ. ತನ್ನದೇ ತಪ್ಪೆಂದು ಒಪ್ಪಿಕೊಂಡುಬಿಟ್ಟಿದ್ದಳು.

ರಸ್ತೆಗಳು ತೆರೆದ ಮೇಲೆ ಮಗುವನ್ನು ನಾನಿರುವ ವಡೋದರಾಕ್ಕೆ ಕರೆತಂದರು. ಕಿವಿಯ ಡಾಕ್ಟರು ಇದಕ್ಕೆ ಹೆಮಿಫೇಷಿಯಲ್ ಮೈಕ್ರೋಸೋಮಿಯಾ ಎಂಬ ಹೆಸರು ಹೇಳಿದರು. ಕೆಲವು ಸಾವಿರ ಹೆರಿಗೆಗಳಲ್ಲಿ ಒಂದರಲ್ಲಿ ಹೀಗಾಗುತ್ತದಂತೆ. "ಕಿವಿ ಸರಿ, ದವಡೆ ಯಾಕೆ ಸಣ್ಣದಾಯಿತು?" ಎಂದು ಕೇಳಿದೆ. "ಬನ್ನೇ ಏಕ್ ಜ ಘರ್‌ನಾ ಛೇ" ಅಂದರು. ಎರಡೂ ಒಂದೇ ಮನೆಯವು.

ಲೆಕ್ಕಪತ್ರ ನೋಡಿಕೊಂಡು ಬದುಕುವ ನನಗೆ ಈ ಮಾತು ಒಗಟಿನಂತೆ ಹಿಡಿದುಕೊಂಡಿತು. ಅದನ್ನು ಬಿಡಿಸುತ್ತ ಹೋದಾಗ ಸಿಕ್ಕ ಚರಿತ್ರೆ ಇದು.

ಗರ್ಭ ನಿಂತ ನಾಲ್ಕನೇ ವಾರದಲ್ಲಿ ಭ್ರೂಣದ ಕುತ್ತಿಗೆಯ ಭಾಗದಲ್ಲಿ ಕಮಾನಿನಂಥ ಮಡಿಕೆಗಳು ಏಳುತ್ತವೆ. ಮೊದಲನೆಯ ಕಮಾನಿನಿಂದ ದವಡೆ, ಅಗಿಯುವ ಸ್ನಾಯುಗಳು, ಮತ್ತು ಕಿವಿಯೊಳಗಿನ ಎರಡು ಪುಟ್ಟ ಮೂಳೆಗಳು ಹುಟ್ಟುತ್ತವೆ. ಶಾಲೆಯಲ್ಲಿ ಕಲಿತ ಸುತ್ತಿಗೆ, ಅಡಿಗಲ್ಲುಗಳೇ ಅವು. ಮೂರನೆಯದಾದ ರಿಕಾಪು ಎರಡನೆಯ ಕಮಾನಿನದು. ಈ ಎರಡು ಕಮಾನುಗಳ ಅಂಚಿನಲ್ಲಿ ಮೂಡುವ ಆರು ಗಂಟುಗಳು ಕೂಡಿ ಹೊರಗಿವಿಯಾಗುತ್ತದೆ. ಆರನೇ ವಾರದ ಹೊತ್ತಿಗೆ ದವಡೆಯ ಅಂಚಿನಲ್ಲಿ ಹಾಲುಹಲ್ಲುಗಳ ಮೊಳಕೆಗೂ ತಯಾರಿ ಶುರು. ಆ ದಿನಗಳಲ್ಲಿ ಕಮಾನಿಗೆ ಏನಾದರೂ ತೊಂದರೆಯಾದರೆ ಕಿವಿ, ದವಡೆ, ಹಲ್ಲು ಮೂರಕ್ಕೂ ಪೆಟ್ಟು ಬೀಳಬಹುದು.

ಇದನ್ನು ಮೊದಲು ಸ್ಪಷ್ಟವಾಗಿ ಕಂಡವನು ಜರ್ಮನಿಯ ಕಾರ್ಲ್ ರೈಖರ್ಟ್. 1837ರಲ್ಲಿ, ಹಂದಿಯ ಭ್ರೂಣಗಳನ್ನು ಬಿಡಿಸಿ ನೋಡುತ್ತ, ಆತ ಒಂದು ವಿಚಿತ್ರ ಮಾತು ಹೇಳಿದ: ಹಲ್ಲಿ, ಹಾವುಗಳಲ್ಲಿ ದವಡೆಯ ಕೀಲಾಗಿರುವ ಎರಡು ಮೂಳೆಗಳೇ ನಮ್ಮಲ್ಲಿ ಸುತ್ತಿಗೆ ಮತ್ತು ಅಡಿಗಲ್ಲು. ಡಾರ್ವಿನ್ನನ ಪುಸ್ತಕ ಬರಲು ಇನ್ನೂ 22 ವರ್ಷ ಬಾಕಿಯಿತ್ತು. ಆಮೇಲೆ ನೆಲದೊಳಗಿಂದಲೇ ಸಾಕ್ಷಿ ಬಂತು. ಬ್ರಿಟನ್ನಿನ ವೇಲ್ಸ್‌ನಲ್ಲಿ ಸಿಕ್ಕ, ಸುಮಾರು 20 ಕೋಟಿ ವರ್ಷ ಹಿಂದಿನ, ಇಲಿಯಷ್ಟೇ ಇದ್ದ ಮೋರ್ಗನುಕೋಡಾನ್ ಎಂಬ ಪ್ರಾಣಿಯ ದವಡೆಗೆ ಎರಡೆರಡು ಕೀಲುಗಳಿದ್ದವು. ಹಳೆಯ ಕೀಲು ಇನ್ನೂ ಬಿಟ್ಟಿರಲಿಲ್ಲ, ಹೊಸದು ಆಗಲೇ ಬಂದಿತ್ತು. ಕೆಲಸ ಕಳೆದುಕೊಂಡ ಹಳೆಯ ಕೀಲಿನ ಮೂಳೆಗಳು ಕಾಲಕ್ರಮೇಣ ಸಣ್ಣದಾಗಿ, ಹಿಂದೆ ಸರಿದು, ಕೇಳುವ ಕೆಲಸಕ್ಕೇ ಪೂರ್ತಿ ಸೇರಿಕೊಂಡವು. ಊರು ಬಿಟ್ಟು ಬಂದು ಬೇರೆ ಕಸುಬು ಹಿಡಿದ ನಮ್ಮಂಥವರಿಗೆ ಇದು ಬೇಗ ಅರ್ಥವಾಗುವ ಕತೆ.

ಇದರ ಗುರುತುಗಳು ನಾವು ಬಾಳುತ್ತಿರುವ ಈ ಗುಜರಾತಿನ ಮಣ್ಣಿನಲ್ಲೂ ಇವೆ. ಅಹಮದಾಬಾದಿನಿಂದಲೋ ವಡೋದರಾದಿಂದಲೋ ಎರಡು ಗಂಟೆ ಪ್ರಯಾಣ ಮಾಡಿದರೆ ಬಾಲಾಸಿನೋರ್, ಅದರ ಪಕ್ಕದಲ್ಲಿ ರೈಯೋಲಿ. 2003ರಲ್ಲಿ ರಾಜಸಾರಸ್ ನರ್ಮದೆನ್ಸಿಸ್ ಎಂದು ಹೆಸರು ಪಡೆದ ಮಾಂಸಾಹಾರಿ ಡೈನೋಸಾರಿನ ಮೂಳೆಗಳು ಸಿಕ್ಕಿದ್ದು ಇಲ್ಲಿಯೇ. 2019ರಲ್ಲಿ ಇಲ್ಲಿ ಮ್ಯೂಸಿಯಂ ಆಯಿತು. ಒಂದು ಭಾನುವಾರ ತಂಗಿಯನ್ನೂ ಮಗುವನ್ನೂ ಕರೆದುಕೊಂಡು ಹೋಗಿದ್ದೆ. ಡೈನೋಸಾರಿನ ಕೆಳದವಡೆ ಹಲವು ಮೂಳೆಗಳ ಜೋಡಣೆ, ಕಿವಿಯಲ್ಲಿ ಒಂದೇ ಮೂಳೆ. ನಮ್ಮದು ಅದರ ತಿರುವುಮುರುವು.

ಗುಜರಾತಿನ ಧೋಲಿ ಡುಂಗರಿ ಎಂಬ ಊರಿನ ಬಳಿ ಇನ್ನೊಂದು ಕತೆಯಿದೆ. 1987ರಲ್ಲಿ ಧನಂಜಯ ಮೊಹಬೆ ಅಲ್ಲಿ ಡೈನೋಸಾರ್ ಮೊಟ್ಟೆಗಳಿದ್ದ ಒಂದು ಗೂಡನ್ನು ಕಲ್ಲಿನ ಸಮೇತ ಹೊರತೆಗೆದರು. ಅದರಲ್ಲಿದ್ದ ಮೂಳೆಗಳೆಲ್ಲ ಮರಿಯವೇ ಎಂದು ತಿಳಿದಿದ್ದರು. 2001ರಲ್ಲಿ ಅಮೆರಿಕದ ಜೆಫ್ರಿ ವಿಲ್ಸನ್ ಅವುಗಳಲ್ಲಿ ಹಾವಿನ ಮೂಳೆಗಳೂ ಇರುವುದನ್ನು ಗುರುತಿಸಿದರು. ಮೂರೂವರೆ ಮೀಟರ್ ಉದ್ದದ ಹಾವು, ಪಕ್ಕದಲ್ಲಿ ಆಗ ತಾನೇ ಹೊರಬಂದ ಅರ್ಧ ಮೀಟರಿನ ಮರಿ. 2010ರಲ್ಲಿ ಅದಕ್ಕೆ ಸನಾಜೆ ಇಂಡಿಕಸ್ ಎಂದು ಹೆಸರಿಟ್ಟರು. ಇಂದಿನ ಹೆಬ್ಬಾವಿನಂತೆ ಅಷ್ಟಗಲ ಬಾಯಿ ತೆರೆಯುವ ದವಡೆ ಅದಕ್ಕಿರಲಿಲ್ಲ. ಮೊಟ್ಟೆ ನುಂಗಲಾಗದ ಅದು ಮರಿಗಾಗಿ ಕಾದಿರಬೇಕು. ಹಾವು ಕಣ್ಣಿನಿಂದ ಕೇಳುತ್ತದೆಂದು ನಮ್ಮ ಹಿರಿಯರು ಅದನ್ನು ಚಕ್ಷುಶ್ರವ ಎಂದು ಕರೆದರು. ನಿಜದಲ್ಲಿ ಅದು ದವಡೆಯಿಂದ ಕೇಳುತ್ತದೆ. ನೆಲದ ಅದುರು ಕೆಳದವಡೆಗೆ ತಾಗಿ, ಕೀಲಿನ ಮೂಳೆಯ ಮೂಲಕ ಒಳಗಿವಿಗೆ ಹೋಗುತ್ತದೆ. ನಮ್ಮಲ್ಲಿ ಅಡಿಗಲ್ಲಾಗಿರುವುದು ಅದೇ ಕೀಲಿನ ಮೂಳೆ.

ಸೂರತ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ವಸ್ತಾನ್‌ನಲ್ಲಿ ಲಿಗ್ನೈಟ್ ಗಣಿಯಿದೆ. ಅಲ್ಲಿ ಸಿಕ್ಕ ಪಳೆಯುಳಿಕೆಗಳು ಸುಮಾರು ಐದೂವರೆ ಕೋಟಿ ವರ್ಷದವು. ಕುದುರೆ, ಘೇಂಡಾಮೃಗಗಳ ದೂರದ ನೆಂಟನಾದ ಕ್ಯಾಂಬೇಥೀರಿಯಂ (ಹೆಸರು ನಮ್ಮ ಖಂಭಾತಿನದೇ, 2005ರಲ್ಲಿ ಇಟ್ಟದ್ದು), ಬಾವಲಿಗಳು, ಆದಿ ವಾನರಗಳು. ಇವುಗಳಲ್ಲಿ ಹೆಚ್ಚಿನವು ಗುರುತಾದದ್ದು ದವಡೆಯ ಚೂರು ಮತ್ತು ಹಲ್ಲುಗಳಿಂದ. ಮೈಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಹಲ್ಲಿನ ಎನಾಮೆಲ್, ಅದು ಉಳಿಯುತ್ತದೆ. ತಂಗಿ ಹತ್ತು ವರ್ಷದಿಂದ ಸೂರತ್‌ನಲ್ಲಿದ್ದರೂ ವಸ್ತಾನಿನ ಹೆಸರು ಕೇಳಿರಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕಚ್ಛಿನ ಸಂಗತಿ. ಅಲ್ಲಿನ ಹರುಡಿಯ ಸುತ್ತಮುತ್ತ 4 ಕೋಟಿ ವರ್ಷಕ್ಕೂ ಹಿಂದಿನ ತಿಮಿಂಗಿಲಗಳ ಮೂಳೆಗಳು ಸಿಕ್ಕಿವೆ. ನೆಲದಿಂದ ನೀರಿಗೆ ಇಳಿಯುತ್ತಿದ್ದ ಕಾಲದ ತಿಮಿಂಗಿಲಗಳು ಅವು. ಒಂದರ ಹೆಸರು ರೆಮಿಂಗ್ಟನೋಸೀಟಸ್. ನೀರಿನಲ್ಲಿ ನಮ್ಮಂಥ ಕಿವಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದರ ಕೆಳದವಡೆಯ ಹಿಂಬದಿಯಲ್ಲಿ ದೊಡ್ಡ ರಂಧ್ರವಿದೆ. ಇಂದಿನ ಹಲ್ಲಿರುವ ತಿಮಿಂಗಿಲಗಳಲ್ಲಿ ಆ ಜಾಗದಲ್ಲಿ ಕೊಬ್ಬು ತುಂಬಿದ್ದು, ಶಬ್ದವನ್ನು ಕಿವಿಗೆ ಮುಟ್ಟಿಸುತ್ತದೆ. ಸುನಿಲ್ ಬಾಜಪೇಯಿ, ಹಾನ್ಸ್ ಥೆವಿಸನ್, ಸಿರ್ಪಾ ನುಮ್ಮೇಲಾ ಮೊದಲಾದವರು 2004ರಲ್ಲಿ ಇದನ್ನು ವಿವರಿಸಿದರು. ದವಡೆ ಬಿಟ್ಟು ಕಿವಿಗೆ ಹೋದ ಮೂಳೆಗಳ ಮನೆತನದಲ್ಲಿ ಮತ್ತೊಮ್ಮೆ ದವಡೆಯೇ ಕೇಳಲು ನಿಂತಿತು.

ಮಗುವಿನ ಚಿಕಿತ್ಸೆಯೂ ಇದೇ ದಾರಿಯದು. ಒಳಗಿವಿ ಈ ಕಮಾನುಗಳಿಂದ ಹುಟ್ಟುವುದಿಲ್ಲ. ಅದು ಬೇರೆ ಮೂಲದ್ದು, ಹಾಗಾಗಿ ಇಂಥ ಮಕ್ಕಳಲ್ಲಿ ಬಹಳ ಸಲ ಅದು ಚೆನ್ನಾಗಿರುತ್ತದೆ. ನಮ್ಮ ಮಗುವಿನದೂ ಚೆನ್ನಾಗಿತ್ತು. ತಲೆಗೆ ಕಟ್ಟುವ ಮೆತ್ತನೆಯ ಪಟ್ಟಿಯಲ್ಲಿ ಒಂದು ಪುಟ್ಟ ಯಂತ್ರ. ಅದು ಶಬ್ದವನ್ನು ಅದುರಾಗಿಸಿ ತಲೆಬುರುಡೆಯ ಮೂಳೆಗೆ ಕೊಡುತ್ತದೆ, ಮೂಳೆ ಒಳಗಿವಿಗೆ ಒಯ್ಯುತ್ತದೆ. ಮೊದಲ ಸಲ ಹಾಕಿದ ದಿನ ಎಡಗಿವಿಯನ್ನು ಮುಚ್ಚಿ ಬಲಗಡೆಯಿಂದ ಹೆಸರು ಹಿಡಿದು ಕರೆದೆ. ತಿರುಗಿ ನೋಡಿತು. ದವಡೆಗೆ, ಹಲ್ಲಿಗೆ ಮುಂದೆ ಚಿಕಿತ್ಸೆ ಬೇಕಾದೀತು, ಬೆಳೆಯುವವರೆಗೆ ಕಾಯಬೇಕು.

ಕಳೆದ ದೀಪಾವಳಿಗೆ ಅತ್ತೆಯವರು ಸೂರತ್‌ಗೆ ಬಂದಿದ್ದರು. ನಾನೂ ಹೋಗಿದ್ದೆ. ಗ್ರಹಣದ ಮಾತು ಮತ್ತೆ ಬಂತು. ಈ ಸಲ ನಾನು ಕ್ಯಾಲೆಂಡರ್ ತೆಗೆದೆ.

"ಅತ್ತೀ, ಕಿವಿ, ದವಡಿ ರೂಪ ತಗೊಳ್ಳೂದು ಎರಡನೇ ತಿಂಗಳ ಮುಗಿಯೂದರಾಗ. ಅಂದ್ರ 2019ರ ಸಪ್ಟೆಂಬರ್ ಕೊನಿ, ಇಲ್ಲಾ ಅಕ್ಟೋಬರ್ ಸುರು. ಗ್ರಹಣ ಆಗಿದ್ದು ಡಿಸೆಂಬರ್ 26ಕ್ಕ. ಆಗಬೇಕಾದ್ದೆಲ್ಲಾ ಆಗಿ ಎರಡೂವರಿ ತಿಂಗಳ ಆಗಿತ್ತು."

ಅವರು ಬೆರಳು ಮಡಚಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು. "ಹಂಗಾರ ಯಾಕಾತು?" ಅಂದರು.

ಒಂದು ಸಣ್ಣ ರಕ್ತನಾಳದ ತೊಂದರೆ ಇರಬಹುದೆಂದು ಡಾಕ್ಟರು ಹೇಳಿದ್ದರು, ಬಹಳ ಸಲ ಕಾರಣವೇ ಸಿಗುವುದಿಲ್ಲವೆಂದೂ ಹೇಳಿದ್ದರು. ಅಷ್ಟನ್ನೇ ಹೇಳಿದೆ. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗುವಿನ ತಲೆಯ ಪಟ್ಟಿ ಜಾರಿದ್ದನ್ನು ಸರಿಮಾಡಿ, ಬಲಗಡೆ ಕೂತು ಕತೆ ಹೇಳತೊಡಗಿದರು. ತಂಗಿ ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಳು. ಚಾಕುವಿನ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.