ಚಂದ್ರನೂ ಒಂದು ಕೊಡೆ!

ಮಳೆಮಾಪಕವನ್ನು ಯಾರೂ ಪಡಸಾಲೆಯಲ್ಲಿ ಇಡೋದಿಲ್ಲ, ಬಯಲಲ್ಲೇ ಇಡಬೇಕು. ಅದೂ ಊರಿಗೊಂದು ಬೇಕು. ಮಲೆನಾಡಿನ ಅಂಚಿನ ಹಾನಗಲ್ಲಿನ ಮಳೆ ಲೆಕ್ಕ ಹಿಡಿದು ಸವಣೂರಿನ ಬೆಳೆ ಬಗ್ಗೆ ಮಾತಾಡಿದರೆ ನಮ್ಮ ಕಡೆ ರೈತರು ನಗ್ತಾರೆ. ಶಿಗ್ಗಾಂವಿ, ಹಿರೇಕೆರೂರಿನ ಲೆಕ್ಕ ಮತ್ತೆ ಬೇರೆ. ಬಾಹ್ಯಾಕಾಶದ ವಿಕಿರಣದ್ದೂ ಇದೇ ಕತೆ ನೋಡಿ. ನೌಕೆಯ ಹೊರಮೈಯಲ್ಲಿ ಅಳೆಯಬೇಕು, ಜಾಗ ಜಾಗದಲ್ಲೂ ಅಳೆಯಬೇಕು.

ಈ ಕೆಲಸಕ್ಕೂ ಕನ್ನಡನಾಡಿಗೂ ಹಳೇ ನಂಟು. ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್ ಅಂದರೆ ನಮಗೆ ನೆನಪಾಗೋದು ಉಪಗ್ರಹ. ಆದರೆ ಅವರು ಶುರು ಮಾಡಿದ್ದು ಕಾಸ್ಮಿಕ್ ಕಿರಣಗಳಿಂದ! ವಿಕ್ರಮ್ ಸಾರಾಭಾಯಿ ಅವರ ಬಳಿ ಪಿಎಚ್.ಡಿ., ಆಮೇಲೆ 1960ರ ದಶಕದಲ್ಲಿ ಅಮೆರಿಕದ ಪಯೋನಿಯರ್, ಎಕ್ಸ್‌ಪ್ಲೋರರ್ ನೌಕೆಗಳಲ್ಲಿ ಪ್ರಯೋಗ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಅವರ ತಂಡ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಹಾರಿತು. ಅದರಲ್ಲಿ ಸೂರ್ಯನಿಂದ ಬರುವ ನ್ಯೂಟ್ರಾನ್, ಗಾಮಾ ಕಿರಣ ಹುಡುಕುವ ಉಪಕರಣವೂ ಇತ್ತು. ಆದರೆ ನಾಲ್ಕೈದು ದಿನದಲ್ಲೇ ವಿದ್ಯುತ್ ಕೈಕೊಟ್ಟು ಪ್ರಯೋಗಗಳು ನಿಂತವು. ಪಾಪ...

33 ವರ್ಷದ ಮೇಲೆ, 2008ರ ಅಕ್ಟೋಬರ್ 22ರಂದು, ಬೆಂಗಳೂರಲ್ಲೇ ತಯಾರಾದ ಚಂದ್ರಯಾನ-1 ಹೊರಟಿತು. ಅದರಲ್ಲಿ ಬಲ್ಗೇರಿಯಾದವರ 'ರಾಡಾಮ್' ಅನ್ನೋ ಪುಟ್ಟ ಡೋಸಿಮೀಟರ್ ಇತ್ತು. ತೂಕ ಕಾಲು ಕಿಲೋನೂ ಇಲ್ಲ. ಒಳಗೆ 0.3 ಮಿಲಿಮೀಟರ್ ದಪ್ಪದ ಸಿಲಿಕಾನ್ ಬಿಲ್ಲೆ. ಕಣವೊಂದು ಹಾದುಹೋದರೆ ಸಣ್ಣ ವಿದ್ಯುತ್ ಮಿಡಿತ. ಅದರ ಗಾತ್ರ ನೋಡಿ 256 ಖಾನೆಗಳಲ್ಲಿ ಒಂದಕ್ಕೆ ಎಣಿಕೆ. ಹಾರಿದ ಎರಡೇ ಗಂಟೆಯಲ್ಲಿ ಇದನ್ನು ಆನ್ ಮಾಡಿದ್ದರು.

ಏನು ಸಿಕ್ಕಿತು ಗೊತ್ತಾ? ಭೂಮಿಯ ಹೊರಗಿನ ವಿಕಿರಣ ಪಟ್ಟಿಯಲ್ಲಿ ಗಂಟೆಗೆ ಗರಿಷ್ಠ ಸುಮಾರು 40,000 ಮೈಕ್ರೋಗ್ರೇ! ನಮ್ಮ ನೆಲದ ಮೇಲೆ 0.1ರ ಆಸುಪಾಸು. ಚಂದ್ರನಿಂದ 100 ಕಿ.ಮೀ. ಎತ್ತರದಲ್ಲಿ ಸುಮಾರು 9.5. 2009ರ ಮೇನಲ್ಲಿ ಕಕ್ಷೆಯನ್ನು 200 ಕಿ.ಮೀ.ಗೆ ಏರಿಸಿದ ಮೇಲೆ ಸುಮಾರು 10.7. ಯಾಕೆ? ಹತ್ತಿರ ಇದ್ದಷ್ಟೂ ಚಂದ್ರನೇ ಕೆಳಗಿನ ಅರ್ಧ ಆಕಾಶಕ್ಕೆ ಅಡ್ಡ ನಿಲ್ಲುತ್ತಾನೆ. ದೂರ ಸರಿದರೆ ಮರೆ ಕಮ್ಮಿ. ಆಗ ಸೂರ್ಯ ತಣ್ಣಗಿದ್ದದ್ದೂ ಒಂದು ಕಾರಣ. ಸೂರ್ಯ ಸುಮ್ಮನಿದ್ದಾಗ ದೂರದ ಕಾಸ್ಮಿಕ್ ಕಿರಣಗಳು ಹೆಚ್ಚು ಒಳನುಗ್ಗುತ್ತವೆ.

2009ರ ಆಗಸ್ಟ್ 29ರಂದು ನೌಕೆಯ ಸಂಪರ್ಕ ಕಡಿದುಹೋಯಿತು. ಚಂದ್ರಯಾನ-1 ಅಂದ ಕೂಡಲೆ ಎಲ್ಲರೂ ನೀರಿನ ಸುದ್ದಿ ಹೇಳ್ತಾರೆ, ರಾಡಾಮ್ ಹೆಸರು ಹೇಳೋರು ಕಮ್ಮಿ. 2040ರ ಹೊತ್ತಿಗೆ ಚಂದ್ರನ ಮೇಲೆ ಭಾರತೀಯರು ಇಳಿಯಬೇಕು ಅಂತ 2023ರಲ್ಲಿ ಗುರಿ ಇಟ್ಟಿದ್ದಾರೆ. ಹೋಗುವವರು ಆ ಪಟ್ಟಿಗಳನ್ನು ಎಷ್ಟು ಬೇಗ ದಾಟಬೇಕು, ಅಲ್ಲಿ ಎಷ್ಟು ದಿನ ಇರಬಹುದು ಅನ್ನೋದಕ್ಕೆ ಇಂಥ ಲೆಕ್ಕಗಳೇ ಬೇಕು. ನೀರು ಕುಡಿಯೋಕೆ ಮನುಷ್ಯ ಮೊದಲು ಉಳಿಯಬೇಕಲ್ಲ, ಏನಂತೀರಿ?