ಜಮದಗ್ನಿಯನ್ನು ಕೇಳುವವರು ಯಾರು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಈ ತಾಲೂಕುಗಳ ಕೇರಿಗಳಲ್ಲಿ ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ನಮ್ಮ ಅವ್ವಂದಿರ ಚರಿತ್ರೆಯನ್ನು ಯಾವ ಶಾಸನದಲ್ಲಿ ಹುಡುಕೋಣ? ಗಂಡುಮಗ ಇಲ್ಲದ ಮನೆಯಲ್ಲಿ ಮಗಳನ್ನೇ ಬಸವಿ ಬಿಟ್ಟರು. ಉಚ್ಚಂಗಿದುರ್ಗದ ಗುಡ್ಡವಿರಲಿ, ಹೊಳೆಯಾಚೆಯ ಹುಲಿಗಿ ಇರಲಿ, ಮದುವೆ ದೇವರ ಜೊತೆ, ಬಾಳುವೆ ಮಾತ್ರ ಊರ ಉಳ್ಳವರ ಮರ್ಜಿಯೊಳಗೆ.

ಕಾನೂನು ಇರಲಿಲ್ಲವೆ? ಇತ್ತು. 1953ರವರೆಗೆ ಈ ಸೀಮೆ ಮದ್ರಾಸಿಗೆ ಸೇರಿತ್ತು. ಮುತ್ತುಲಕ್ಷ್ಮಿ ರೆಡ್ಡಿಯವರ ಹೋರಾಟದಿಂದ ಬಂದ 1947ರ ಮದ್ರಾಸ್ ಕಾಯಿದೆ ಇಲ್ಲಿಗೂ ಅನ್ವಯಿಸಿತು. 1982ರಲ್ಲಿ ಕರ್ನಾಟಕದ ಕಾಯಿದೆ ಆಯಿತು. ಆದರೂ 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಸಿಕ್ಕ ದೇವದಾಸಿಯರು 46,660! ಕಾಯಿದೆ ಮುತ್ತು ಕಟ್ಟುವ ಕೈ ಹಿಡಿಯಲು ಹೊರಟಿತು. ಆ ಕೈಗೆ ಬಲ ಕೊಟ್ಟ ಕಥೆಯನ್ನು ಮುಟ್ಟಲಿಲ್ಲ.

ಯಾವ ಕಥೆ? ನೀರಿಗೆ ಹೋದ ರೇಣುಕೆಯ ಮನಸ್ಸು ಒಂದು ಗಳಿಗೆ ಕದಲಿತು. ಗಂಡ ಜಮದಗ್ನಿ ಕಡಿ ಅಂದ, ಮಗ ಪರಶುರಾಮ ಕಡಿದ. ಕಡಿದವನು ಅವತಾರಪುರುಷ, ಕಡಿಸಿದವನು ಋಷಿ. ಜನಪದರ ಒಂದು ಹೇಳಿಕೆಯಲ್ಲಿ ಆಕೆಗೆ ಆಸರೆ ಕೊಟ್ಟ ಮಾತಂಗಿಯ ತಲೆಯೂ ಉರುಳುತ್ತದೆ. ತಪ್ಪು ಯಾರದಾದರೂ ಕತ್ತು ಮಾತ್ರ ಹೆಣ್ಣಿನದು.

ಈ ಕಥೆ ಗುಡಿಯಲ್ಲಷ್ಟೇ ಇಲ್ಲ, ಆಟದ ಅಟ್ಟದ ಮೇಲೂ ಐತಿ. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಬಳ್ಳಾರಿ ರಾಘವ (ನಿಧನ 1946) ಹಟ ಹಿಡಿದಿದ್ದರು. ಆದರೆ 'ಮರ್ಯಾದಸ್ಥ' ಮನೆಗಳ ಬಾಗಿಲು ಸುಲಭಕ್ಕೆ ತೆರೆಯಲಿಲ್ಲ. ರಂಗಕ್ಕೆ ಬಂದವರಲ್ಲಿ ಬಹಳ ಮಂದಿ ದೇವದಾಸಿ ಮನೆತನದವರು. ರಾತ್ರಿ ಸೀತೆಗೆ ಕೈಮುಗಿದವರೇ ಹಗಲು ಆಕೆಯನ್ನು 'ನಾಟಕದಾಕಿ' ಅಂತ ಹೀಗಳೆದರು.

ಅದೇ ಅಟ್ಟದ ಮೇಲೆ ಜೋಗತಿಯರೂ ನಿಂತರು. ಕಲ್ಲುಕಂಬದಲ್ಲಿ ಗಂಡಾಗಿ ಹುಟ್ಟಿ, ಹೆಣ್ಣಾಗಿ ಬದುಕಲು ಹೊರಟು, ಜೋಗತಿಯಾಗಿ ಭಿಕ್ಷೆ ಬೇಡಿದ ಮಂಜಮ್ಮ, ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿಯವರಿಂದ ಕುಣಿತ ಕಲಿತು, ಎಲ್ಲಮ್ಮನ ಕಥೆಯನ್ನು ಊರೂರಿಗೆ ಒಯ್ದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಕಥೆ ಅದೇ, ಹೇಳುವ ಬಾಯಿ ಬೇರೆ. ಗುಡಿಯಲ್ಲಿ ರೇಣುಕೆಗೆ ಮಾತಿಲ್ಲ. ರಂಗದ ಮೇಲೆ ಆಕೆ ಮಾತಾಡುತ್ತಾಳೆ.

ಹಾಗಂತ ಪದ್ಮಶ್ರೀಯೇ ಬಿಡುಗಡೆಯಲ್ಲ. ರೇಣುಕೆಯನ್ನು ದೇವಿ ಮಾಡಿ ಕೂರಿಸಿದರೆ ಕೊಡಲಿಯ ಲೆಕ್ಕ ಮುಗಿಯುವುದಿಲ್ಲ. ಹಳ್ಳಿಯ ಮಾಸ್ತರರೆ, ಗೆಳೆಯರೆ, ಈ ಸಲ ಶಾಲೆಯ ಹಬ್ಬದಲ್ಲಿ ಕೇರಿಯ ಹುಡುಗಿಯರ ಕೈಗೆ ಈ ನಾಟಕ ಕೊಡಿ. ಜಮದಗ್ನಿಯನ್ನು ಅಟ್ಟದ ನಡುವೆ ನಿಲ್ಲಿಸಿ ಕೇಳಲಿ: 'ಯಾಕ ಕಡಿಸಿದಿ?' ಉತ್ತರವನ್ನು ಊರೇ ಹುಡುಕಲಿ.